ಡಾಕ್ಟರಿಗೆ ಹೇಳಿದ ಮಾತು

ತಂಗೆವ್ವಾ, ತಮ್ಮಾ, ಮೊಮ್ಮಕ್ಕಳಾದ ನಿಮ್ಮೆದುರು ಹೇಳಲು ನಾಚಿಕೆಯಾಗುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರೊಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಎಂದು ತಿಳಿದಾಗ ನಿಮ್ಮ ಅಜ್ಜ ಸಾವಿಗೆ ಅಂಜಲಿಲ್ಲ, ಒದ್ದೆ ಧೋತರಕ್ಕೆ ಅಂಜಿದರು. ಹಿಂದೆ ಅವರ ಅಣ್ಣನಿಗೆ ಹೊಟ್ಟೆ ಕೊಯ್ದು ಅದೇ ಗ್ರಂಥಿ ತೆಗೆದಿದ್ದರು. ಆಮೇಲೆ ಆ ಭಾವನವರಿಗೆ ಮೂತ್ರ ನಿಲ್ಲಲಿಲ್ಲ. ಮುರಗೋಡದ ಮಠಕ್ಕೆ ಹೋಗುವುದನ್ನೇ ಬಿಟ್ಟರು. ಕೇಳಿದವರಿಗೆ ಮೊಣಕಾಲು ನೋವು ಎನ್ನುತ್ತಿದ್ದರು. ಡಾಕ್ಟರಿಗೂ ಮೊಣಕಾಲನ್ನೇ ತೋರಿಸಿ ಬಂದರು.

ಬೆಳಗಾವಿಯ ಆಸ್ಪತ್ರೆಯಲ್ಲಿ ರೋಬೋಟ್ ಯಂತ್ರದಿಂದ ಆಪರೇಶನ್ ಮಾಡುತ್ತಾರೆ ಎಂದು ಗೊತ್ತಾಯಿತು.

"ನಾ ಒಲ್ಲೆ. ರೋಬೋಟ್ ಕೊಯ್ತದಂತ. ನಾ ಏನ್ ಕಬ್ಬೇನು?" ಎಂದರು ಅಜ್ಜ.

"ಕಬ್ಬಾಗಿದ್ರ ಸಿಹಿಯರ ಇರತಿದ್ರಿ," ಎಂದೆ.

ಹೇಗೋ ಬೆಳಗಾವಿಗೆ ಕರೆದೊಯ್ದೆ. ಡಾಕ್ಟರ ಮುಂದೆ ಅವರು ಗೋಡೆ ನೋಡುತ್ತ ಕುಳಿತರು. ನಾನೇ ಸೆರಗು ಬಾಯಿಗೆ ಹಿಡಿದು ಭಾವನವರ ಕಥೆ ಹೇಳಿದೆ.

"ಆ ರೋಬೋಟ್ ತಾನಾಗೇ ಏನೂ ಮಾಡಂಗಿಲ್ಲರಿ ಅವ್ವಾ. ಅದರ ಕೈ ಆಡಸಾಂವ ನಾನು," ಎಂದರು ಡಾಕ್ಟರು. "ಮೊದಮೊದಲು ನಾವೂ ಮುಂದಿನಿಂದ ಮೂತ್ರಚೀಲ ಬಿಡಿಸಿ ಒಳಗ ಹೋಗತಿದ್ವಿ. ಈಗ ಚೀಲದ ಹಿಂದಿನಿಂದ ಹೋಗತೇವಿ. ಚೀಲಾನ ಹಿಡಿದಿಟ್ಟ ಕಟ್ಟುಗಳೆಲ್ಲ ಹಂಗ ಉಳೀತಾವ. ಭಾಳ ಮಂದಿಗೆ ಲಗೂನ ಮೂತ್ರದ ಹಿಡಿತ ಬರತೈತಿ. ಎಲ್ಲಾರಿಗೂ ಅಂತ ಮಾತು ಕೊಡಂಗಿಲ್ಲ."

"ಈ ಹೊಸಾ ದಾರಿ ಹೆಂಗ ಹೊಳೀತ್ರಿ?" ಎಂದು ಕೇಳಿದೆ.

"ಒದ್ದಿ ಆಗತೈತಿ ಅಂತ ಬಂದು ಹೇಳಿದವರಿಂದ್ರಿ. ಹೇಳದೇ ಮನ್ಯಾಗ ಕುಂತವರಿಂದ ನಾವೇನ್ ಕಲೀಬೇಕು?"

ಅಜ್ಜ ಗೋಡೆಯಿಂದ ಡಾಕ್ಟರ ಕಡೆ ಮುಖ ತಿರುಗಿಸಿದರು.

ಆಪರೇಶನ್ ಆಯಿತು. ಮೂತ್ರಕ್ಕೆ ಹಾಕಿದ್ದ ನಳಿಕೆ ತೆಗೆದ ಮೇಲೆ ಸೋರತೊಡಗಿತು. ಆ ಬಟ್ಟೆಗಳನ್ನು ನನ್ನ ಸೀರೆಯ ಮರೆಯಲ್ಲಿ ಒಣಹಾಕುತ್ತಿದ್ದೆ. ತಪಾಸಣೆಗೆ ಹೋದಾಗ ಅಜ್ಜ, "ಆರಾಮ ಅದೀನ್ರಿ," ಎಂದುಬಿಟ್ಟರು.

"ಸುಳ್ಳರಿ," ಎಂದೆ. "ಕೆಮ್ಮಿದ್ರ ಒದ್ದಿ, ಎದ್ದು ನಿಂತ್ರ ಒದ್ದಿ. ಮಲಗಿದಾಗ ಇಲ್ಲ."

ಡಾಕ್ಟರು ಅಷ್ಟನ್ನೂ ಬರೆದುಕೊಂಡರು. ಕೆಳಗಿನ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮ ಕಲಿಸಿದರು. ಊರಿಗೆ ಮರಳುವ ಬಸ್ಸು ಬೈಲಹೊಂಗಲ ಮುಟ್ಟಿದಾಗ ಅಜ್ಜ ನನ್ನ ಕಡೆ ಹೊರಳಿದರು.

"ಎಲ್ಲಾ ಹೇಳಿಬಿಟ್ಟಿ," ಎಂದರು.

"ಒಂದ ಮರತೆ. ನಕ್ಕರೂ ಒದ್ದಿ ಅನ್ನೂದು."

ಅವರು ನಕ್ಕರು. ಆಮೇಲೆ ಮೆಲ್ಲಗೆ, "ನೋಡು, ಆತು," ಎಂದರು.

ಮೂರ್ನಾಲ್ಕು ತಿಂಗಳಲ್ಲಿ ಸೋರುವುದು ನಿಂತಿತು. ಬಿಳಿ ಧೋತರ ಉಟ್ಟು ಮಠದಲ್ಲಿ ಮುಂದಿನ ಸಾಲಿನಲ್ಲಿ ಕುಳಿತರು. ಆಮೇಲೆ ಬಹಳ ವರ್ಷ ಬಾಳಿದರು, ಹೋದದ್ದು ಎದೆನೋವಿನಿಂದ.

ಈ ಕಾಯಿಲೆ ಮನೆತನದಲ್ಲಿ ಇಳಿದು ಬರಬಹುದಂತೆ. ತಮ್ಮಾ, ವಯಸ್ಸಾದಾಗ ತಪಾಸಣೆ ಮಾಡಿಸಿಕೋ, ಆದದ್ದನ್ನು ಆದಂತೆ ಹೇಳು. ತಂಗೆವ್ವಾ, ಅವನು ನಾಚಿದರೆ ನೀನು ಹೇಳು. ಈ ಹಾಳೆಗಳನ್ನು ಅಜ್ಜನ ಆಸ್ಪತ್ರೆ ಕಾಗದಗಳ ಜೊತೆ, ಕೈಗೆ ಸಿಗುವಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ.