ಮುಖಪುಟದ ಮೊದಲ ಹೂ

ಬನಹಟ್ಟಿಯಲ್ಲಿ ಜಕಾರ್ಡ್ ಮಗ್ಗಗಳಿಗೆ ವಿನ್ಯಾಸದ ತೂತಿನ ಕಾರ್ಡು ಹೊಡೆಯುವ ಪ್ರೇಮಕುಮಾರನ ಕಣ್ಣೆಂದರೆ ಊರಿಗೇ ಅಂಜಿಕೆ. ಮದುವೆಗೆ ಹೋದರೂ ವಧುವಿನ ಮುಖ ಬಿಟ್ಟು ಸೀರೆಯಂಚಿನ ಎಳೆ ಎಣಿಸುವ ಆಸಾಮಿ. ಹೆಂಡತಿ ಪೂನಮ್ ಅದಕ್ಕಾಗಿ ಬೈಯದ ದಿನವಿಲ್ಲ. ಬೇರೆಯವರ ಅಂಚಿನ ವಿನ್ಯಾಸ ಕದ್ದವರನ್ನು ಹತ್ತಾರು ಸಲ ಹಿಡಿದುಕೊಟ್ಟಿದ್ದ; ಯಾರ ಮುಲಾಜೂ ನೋಡಿದವನಲ್ಲ.

ಈ ಸಲ ಆರೋಪ ಬಂದದ್ದು ಅವನ ಅಪ್ಪನ ಮೇಲೆ.

ನೇಕಾರರ ಸಂಘ ಹಳೆಯ ಅಂಚುಗಳದೊಂದು ಪುಸ್ತಕ ಮಾಡುತ್ತಿತ್ತು. ಮೊದಲ ಪುಟ ಎಂಬತ್ತಾರು ವರ್ಷದ ಅಪ್ಪ ಈಶ್ವರಪ್ಪನ ಮಲ್ಲಿಗೆ ಅಂಚಿಗೆಂದು ನಿಗದಿಯಾಗಿತ್ತು. ಪ್ರತಿ ಹೂವಿನ ಎಡದ ಎಸಳಿನಲ್ಲಿ ಒಂದು ಖಾಲಿ ಚುಕ್ಕೆ. ಅದು ಅಪ್ಪನ ರುಜು ಎಂದು ಮನೆಮಂದಿ ಐವತ್ತು ವರ್ಷ ಬೀಗಿದ್ದರು. ಅಷ್ಟರಲ್ಲಿ ರಬಕವಿಯ ನೇಕಾರ ಜ್ಞಾನೇಶ್ವರ ಹಳೆಯ ಸಂಗೀತ ಪತ್ರಿಕೆಯೊಂದನ್ನು ಸಂಘದ ಮೇಜಿನ ಮೇಲೆ ಒಗೆದ.

"ನೋಡ್ರಿ, ಇದೇ ಅಂಚು. ಮುದುಕ ಇದನ್ನ ನೋಡಿ ಕಾರ್ಡ್ ಹೊಡದಾನ."

ಪ್ರೇಮಕುಮಾರ ಭೂತಗನ್ನಡಿ ಹಿಡಿದ. ಎದುರಿನ ಕುರ್ಚಿಯಲ್ಲಿ ಅಪ್ಪ ಕೂತಿದ್ದ.

ಮುಖಪುಟ ಮಾಡಿದವನು ಪಾಕಡಾ ಆಸಾಮಿಯೇ. ಹೆಸರಿನ ಹಳದಿ ಅಕ್ಷರಗಳು ನೆತ್ತಿಯಲ್ಲಿ, ಗಾಯಕಿಯ ಅರ್ಧ ಮುಖ ಚಿತ್ರದ ಆಚೆ, ತಂಬೂರಿ ಓರೆಯಾಗಿ. ಕಣ್ಣನ್ನು ಕೆಳಗಿನಿಂದ ಮೇಲಕ್ಕೆ ಎಳೆದೊಯ್ಯುವ ಕೆಲಸ ಸೀರೆಯಂಚಿನದು. ತೊಡೆಯ ಮೇಲಿನ ಮೊದಲ ಹೂ ರೂಪಾಯಿಯಗಲ, ಭುಜಕ್ಕೇರುತ್ತ ಹೂಗಳು ಸಣ್ಣವು. ಮೊದಲ ಹೂವಿನ ಎಡದ ಎಸಳಿನಲ್ಲಿ ಖಾಲಿ ಚುಕ್ಕೆಯೂ ಇತ್ತು.

"ಚುಕ್ಕಿ ಐತಲ್ಲ!" ಸಂಘದ ಅಧ್ಯಕ್ಷೆ ಮಂಗಲಾ ಬೆರಳಿಟ್ಟರು. "ಇದು ಈಶ್ವರಪ್ಪಾರ ನೇಯ್ದ ಸೀರಿನ. ಹಾಡಾಕಿ ಉಟ್ಟಾಳ, ಅಷ್ಟ. ಹೌದಿಲ್ಲೋ ಪ್ರೇಮಾ?"

ಜ್ಞಾನೇಶ್ವರನ ಮುಖ ಕಪ್ಪಿಟ್ಟಿತು. ಹೂಂ ಎಂದರೆ ಮುಗಿಯಿತು, ಅಪ್ಪನ ಹೆಸರು ಅಚ್ಚಾಗುತ್ತದೆ. ಆದರೆ ಹಾಳು ಚಟ, ಪ್ರೇಮಕುಮಾರನ ಗಾಜು ತಾನಾಗಿ ಎರಡನೆಯ ಹೂವಿಗೆ ಸರಿಯಿತು. ಎಸಳು ಇಡಿಯಾಗಿತ್ತು. ಮೂರನೆಯದೂ ಇಡಿ. ಹನ್ನೊಂದನೆಯವರೆಗೂ ಇಡಿ.

ಗಾಜನ್ನು ಮತ್ತೆ ಮೊದಲ ಹೂವಿಗೆ ತಂದ. ಪ್ರತಿ ಹೂವಿಗೂ ಅದೇ ಕಾರ್ಡು ತಿರುಗಿ ಬರುತ್ತದೆ, ಅದರಲ್ಲಿ ಒಂದು ತೂತು ತಪ್ಪಿದರೆ ಆ ತಪ್ಪು ಪ್ರತಿ ಹೂವಿನಲ್ಲೂ ಬರಬೇಕು; ಅಪ್ಪನ ಸೀರೆಗಳಲ್ಲಿ ಬಂದಿದೆ. ಇಲ್ಲಿ ಒಂದರಲ್ಲೇ ಇದೆ. ಇದು ನೇಯ್ಗೆಯದಲ್ಲ, ಛಾಪಖಾನೆಯಲ್ಲಿ ಶಾಯಿ ಹತ್ತದೆ ಉಳಿದ ಜಾಗ. ಅಪ್ಪ ಅದನ್ನೂ ಹೂವಿನ ಭಾಗವೆಂದು ಎಣಿಸಿ ಕಾರ್ಡು ಹೊಡೆದಿದ್ದಾನೆ.

ತಲೆಯೆತ್ತಿದ. ಅಪ್ಪ ಅವನನ್ನೇ ನೋಡುತ್ತಿದ್ದ, ರೆಪ್ಪೆ ಬಡಿಯದೆ. ಅಪ್ಪನ ಮೇಲೆ ಕೆಟ್ಟ ಸಿಟ್ಟು ಬಂತು. ಇಷ್ಟು ದಿನ ತಾನು ಹಿಡಿದುಕೊಟ್ಟ ಕಳ್ಳರಿಗೂ ಮಕ್ಕಳಿದ್ದರು.

"ಏನೋ, ಬರೀಲೇನು?" ಮಂಗಲಾ ಪೆನ್ನು ತೆಗೆದರು.

"ಬ್ಯಾಡ್ರಿ ಅಕ್ಕಾರ." ಪ್ರೇಮಕುಮಾರ ಭೂತಗನ್ನಡಿ ಕೆಳಗಿಟ್ಟ. "ಇದು ನಮ್ಮ ಸೀರಿ ಅಲ್ಲ. ಚುಕ್ಕಿ ಒಂದ ಹೂವಿನಾಗ ಐತಿ. ಅದು ಛಾಪಿಸುವಾಗ ಬಿದ್ದದ್ದು. ನಮ್ಮಪ್ಪ ಈ ಚಿತ್ರಾ ನೋಡೇ ಹೊಡದಾನ."

ಮಂಗಲಾ ಪೆನ್ನಿಗೆ ಮುಚ್ಚಳ ಹಾಕಿದರು. ಜ್ಞಾನೇಶ್ವರನ ಮುಖದಲ್ಲೂ ಗೆದ್ದ ಖುಷಿ ಕಾಣಿಸಲಿಲ್ಲ.

"ಮೊದಲನೇ ಹೂವಷ್ಟ ನನಗ ಎಣಿಸಾಕ ಬಂತು," ಎಂದ ಈಶ್ವರಪ್ಪ. "ಉಳದಾವು ಭಾಳ ಸಣ್ಣೂ ಇದ್ದೂ." ಆಮೇಲೆ ಮಗನ ಕಡೆ ತಿರುಗಿದ. "ಐವತ್ತ ವರ್ಷದಾಗ ನಾ ಹೇಳಬೇಕಾಗಿತ್ತಪಾ. ಇವತ್ತ ನಿನ್ನ ಬಾಯಿಲೆ ಹೇಳಿಸೀನಿ."