ಪೆಂಡರ್ ಮನೆಯ ಎಡಗಾಲು

ಆಸ್ಟ್ರೇಲಿಯನ್ ಫುಟ್‌ಬಾಲ್‌ನಲ್ಲಿ ಅಪ್ಪನಾದವನು ಒಂದು ಕ್ಲಬ್ಬಿಗೆ ನೂರು ಪಂದ್ಯ ಆಡಿದ್ದರೆ, ಮಗನ ಮೇಲೆ ಆ ಕ್ಲಬ್ಬಿಗೆ ಮೊದಲ ಹಕ್ಕು. ಆ ಮಗನನ್ನು ಸಾಕಿದವರು ಯಾರು ಅಂತ ನಿಯಮ ಕೇಳುವುದಿಲ್ಲ. ನೀವೂ ಕೇಳಿಲ್ಲ.

ಗ್ಲೆನಿಸ್ ಪೆಂಡರ್ ಸಾಕಿದವಳು. ಮೆಲ್ಬರ್ನಿನ ಪಶ್ಚಿಮಕ್ಕೆ ಸನ್‌ಶೈನ್‌ನಲ್ಲಿ ಅವಳ ಮನೆ. ಬೆಳಿಗ್ಗೆ ಮತ್ತು ಮಧ್ಯಾಹ್ನ ಶಾಲೆಯ ಮುಂದೆ ಹೊಳೆಯುವ ಕೋಟು ಹಾಕಿಕೊಂಡು, ‘ನಿಲ್ಲಿ’ ಅನ್ನುವ ದುಂಡು ಫಲಕ ಎತ್ತಿ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವುದು ಅವಳ ಕೆಲಸ. ಲಾರಿಯವರೂ ಅವಳ ಕಣ್ಣಿಗೆ ಹೆದರಿ ಬ್ರೇಕ್ ಹಾಕುತ್ತಾರೆ. ಶನಿವಾರ ಬಂತೆಂದರೆ ಬಡಾವಣೆಯ ಮೈದಾನದ ಕ್ಯಾಂಟೀನಿನಲ್ಲಿ ಮಾಂಸದ ಪೈ ಬಿಸಿ ಮಾಡುವುದು, ವಿರಾಮಕ್ಕೆ ಕಿತ್ತಳೆ ಹೋಳು ಮಾಡುವುದು, ಆಮೇಲೆ ಇಡೀ ತಂಡದ ಕೆಸರು ಮೆತ್ತಿದ ಅಂಗಿಗಳನ್ನು ಮನೆಗೆ ಹೊತ್ತು ಒಗೆಯುವುದು. ತಾಯಂದಿರು ಸರದಿಯಲ್ಲಿ ಮಾಡಬೇಕಾದ ಕೆಲಸ ಅದು. ಸರದಿ ತಪ್ಪಿಸಿದವರದ್ದೂ ಇವಳ ಪಾಲಿಗೇ ಬರುತ್ತಿತ್ತು.

ಗಂಡ ಶೇನ್ ಗ್ಯಾರಿಟಿ ಒಂದು ಕಾಲಕ್ಕೆ ದೊಡ್ಡ ಆಟಗಾರ. ಮೆಲ್ಬರ್ನಿನ ಒಂದೇ ಕ್ಲಬ್ಬಿಗೆ ನೂರಕ್ಕೂ ಹೆಚ್ಚು ಪಂದ್ಯ ಆಡಿದವನು. ಮಗ ಟೋಬಿ ತೊದಲು ಮಾತಾಡುವ ಹೊತ್ತಿಗೆ ಮನೆ ಬಿಟ್ಟು ಉತ್ತರದ ಕಡಲತೀರ ಸೇರಿದ, ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡ. ಹುಟ್ಟುಹಬ್ಬಕ್ಕೆ ಒಂದು ಮೆಸೇಜ್ ಬರುತ್ತದೆ, ಕೆಲವು ವರ್ಷ ಅದೂ ಇಲ್ಲ. ಗ್ಲೆನಿಸ್ ಬಯ್ಯಲಿಲ್ಲ, ಅಳಲಿಲ್ಲ. ಮಗನ ಹೆಸರಿನ ಮುಂದೆ ಪೆಂಡರ್ ಅನ್ನುವ ತನ್ನ ತವರಿನ ಹೆಸರು ಹಾಕಿಸಿ ಸುಮ್ಮನಾದಳು.

ಈಗ ಟೋಬಿಗೆ ಹದಿನೆಂಟು. ಆ ವಯಸ್ಸಿನ ಒಳ್ಳೆಯ ಆಟಗಾರರನ್ನೆಲ್ಲ ಕ್ಲಬ್ಬುಗಳು ವರ್ಷಕ್ಕೊಮ್ಮೆ ಸರದಿಯಲ್ಲಿ ಆರಿಸಿಕೊಳ್ಳುತ್ತವೆ. ಆರಿಸಿದ ಕ್ಲಬ್ ಪರ್ತ್‌ನದಾದರೆ ಹುಡುಗ ದೇಶದ ಆ ತುದಿಗೇ ಗಂಟುಮೂಟೆ ಕಟ್ಟಬೇಕು. ಅಪ್ಪನ ಕ್ಲಬ್ ಹಕ್ಕು ಹೂಡಿ, ಹುಡುಗನೂ ಒಪ್ಪಿದರೆ, ಮನೆಯಿಂದ ರೈಲಿನಲ್ಲಿ ಹೋಗಿ ಬರಬಹುದು. ಗ್ಲೆನಿಸ್‌ಗೆ ಇರುವುದು ಅವನೊಬ್ಬ. ಅವನು ಇಲ್ಲೇ ಇರಲಿ ಅನ್ನುವುದೊಂದೇ ಅವಳ ಆಸೆ.

ಒಂದು ಭಾನುವಾರ ಅಪ್ಪನ ಕ್ಲಬ್ಬಿನಿಂದ ಡೆನ್ನಿಸ್ ಕ್ರೋಲ್ ಬಂದ. ಹುಡುಗರನ್ನು ಹುಡುಕಿ ತರುವುದೇ ಅವನ ವೃತ್ತಿ. ಅಡುಗೆಮನೆಯ ಮೇಜಿಗೆ ಕೂತು, ಚಹಾದಲ್ಲಿ ಬಿಸ್ಕತ್ತು ಅದ್ದುತ್ತಾ ಎಲ್ಲ ಸಿಹಿ ಮಾತನ್ನೂ ಆಡಿದ. ಕೊನೆಗೆ, “ಗ್ಲೆನ್, ಒಂದು ಸಣ್ಣ ವಿಷಯ. ಒತ್ತಾಯ ಏನಿಲ್ಲ. ಹುಡುಗ ಗ್ಯಾರಿಟಿ ಅಂತ ಹೆಸರು ಇಟ್ಕೊಂಡ್ರೆ ಚೆನ್ನಾಗಿರುತ್ತೆ. ನಮ್ಮ ಹಳೇ ಅಭಿಮಾನಿಗಳು ಆ ಹೆಸರು ಕೂಗಿ ಎಷ್ಟೋ ವರ್ಷ ಆಯ್ತು ನೋಡಿ” ಅಂದ.

ಟೋಬಿ ಕುರ್ಚಿ ಹಿಂದಕ್ಕೆ ತಳ್ಳಿದ. “ಹಂಗಾದ್ರೆ ನಾನು ಬರಲ್ಲ. ಯಾರಾದ್ರೂ ಆರಿಸ್ಕೊಳ್ಳಲಿ, ಪರ್ತ್ ಆದ್ರೆ ಪರ್ತ್.”

“ಬಾಯ್ಮುಚ್ಕೊಂಡು ಕೂತ್ಕೋ. ಪರ್ತ್‌ನಲ್ಲಿ ನಿನ್ನ ಸಾಕ್ಸ್ ಯಾರು ಹುಡುಕ್ಕೊಡ್ತಾರೆ?” ಅಂದಳು ಗ್ಲೆನಿಸ್. ಆಮೇಲೆ ದನಿ ಇಳಿಸಿದಳು. “ಹೆಸರು ತಾನೆ. ಇಟ್ಕೋ ಮಗನೇ. ಹೆಸರೇನು ಊಟ ಹಾಕುತ್ತಾ?”

“ನಿಂಗೆ ಪರವಾಗಿಲ್ವಾ ಅಮ್ಮಾ?”

“ನನಗೇನು.”

ನೋಡಿ, ಹೆಂಗಸರ ಕೈಯಲ್ಲಿ ಬಿಟ್ಟುಕೊಡಿಸುವುದು ಇಷ್ಟು ಸುಲಭ. ಯಾರೂ ಗದರಿಸಲಿಲ್ಲ. ಒತ್ತಾಯ ಏನಿಲ್ಲ ಅಂದರು, ಅಷ್ಟೇ. ಇಷ್ಟು ವರ್ಷ ಒಬ್ಬಳೇ ಎಳೆದ ಗಾಡಿಯ ಮೇಲೆ ಇನ್ನೊಬ್ಬನ ಹೆಸರು ಬರೆಯಲು ಅವಳೇ ಬಣ್ಣದ ಡಬ್ಬಿ ಎತ್ತಿ ಕೊಟ್ಟಳು.

ಕ್ರೋಲ್ ಅಲ್ಲಿಗೆ ಎದ್ದು ಹೋಗಿದ್ದರೆ ಎಲ್ಲ ಮುಗಿಯುತ್ತಿತ್ತು. ಖುಷಿಗೆ ಅವನ ನಾಲಿಗೆ ಸುಮ್ಮನಿರಲಿಲ್ಲ. “ಅಲ್ಲಾ, ಆ ಎಡಗಾಲ ಒದೆತ ಇದ್ಯಲ್ಲ, ಥೇಟ್ ಅಪ್ಪಂದೇ! ರಕ್ತ ಎಲ್ಲಿ ಹೋಗುತ್ತೆ ಹೇಳಿ.”

ಗ್ಲೆನಿಸ್ ಲೋಟ ಕೆಳಗಿಟ್ಟಳು.

“ಶೇನ್ ಬಲಗಾಲಿನವನು ಕಣ್ರೀ ಡೆನ್ನಿಸ್. ಎಡಗಾಲು ಅವನಿಗೆ ನಿಂತ್ಕೊಳ್ಳೋಕೆ ಮಾತ್ರ ಬರ್ತಿತ್ತು. ಅದೂ ಮನೇಲಿ ನಿಲ್ಲಲಿಲ್ಲ.”

ಟೋಬಿ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದ.

ಅವಳು ಬಾಗಿಲ ಹಿಂದಿದ್ದ ಮೊಟ್ಟೆಯಾಕಾರದ ಹಳೆ ಚೆಂಡನ್ನು ಎತ್ತಿಕೊಂಡು, ಮನೆಯ ಚಪ್ಪಲಿಯಲ್ಲೇ ಹಿತ್ತಿಲಿಗೆ ನಡೆದಳು. ಚಿಕ್ಕವಳಿದ್ದಾಗ ಅವಳೂ ಆಡುತ್ತಿದ್ದಳು, ಹುಡುಗರ ತಂಡದಲ್ಲಿ, ಅವರಿಗಿಂತ ಚೆನ್ನಾಗಿ. ಹನ್ನೆರಡು ದಾಟಿದ ಮೇಲೆ ಹುಡುಗಿಯರು ಹುಡುಗರ ಜೊತೆ ಆಡಕೂಡದು ಅಂದರು. ಹುಡುಗಿಯರ ತಂಡ ಆ ಕಡೆ ಎಲ್ಲೂ ಇರಲಿಲ್ಲ. ಅಲ್ಲಿಗೆ ಅವಳ ಆಟ ಮುಗಿಯಿತು. ಅವಳ ಹೆಸರಿಗೆ ನೂರು ಪಂದ್ಯ ಎಲ್ಲಿಂದ ಬರಬೇಕು? ಟೋಬಿಗೆ ನಡೆಯಲು ಬಂದ ದಿನದಿಂದ ಈ ಹಿತ್ತಿಲಲ್ಲಿ ಸಂಜೆ ಸಂಜೆ ಚೆಂಡು ಒದೆಸಿದವಳು ಅವಳು.

ಚೆಂಡನ್ನು ಎಡಗೈಯಿಂದ ಮೆಲ್ಲಗೆ ಕೆಳಗೆ ಬಿಟ್ಟಳು. ಎಡಗಾಲು ಬೀಸಿತು. ಚೆಂಡು ಹಿಮ್ಮುಖವಾಗಿ ಸುತ್ತುತ್ತಾ, ಬಟ್ಟೆ ಒಣಗಿಸುವ ತಂತಿಗಳ ಮೇಲೆ, ಬೇಲಿಯ ಮೇಲೆ, ಪಕ್ಕದ ಮನೆಯ ತಗಡಿನ ಶೆಡ್ಡಿನ ಮೇಲೆ ನೇರ ಹಾದುಹೋಯಿತು. ಚಪ್ಪಲಿಯೂ ಜೊತೆಗೇ ಹಾರಿ ಬೇಲಿಯಾಚೆ ಬಿತ್ತು. ಆ ಕಡೆಯಿಂದ ನಾಯಿ ಬೊಗಳಿತು.

“ಗ್ಲೆನಿಸ್! ಮತ್ತೆ ನೀನೇನಾ?” ಪಕ್ಕದವನ ಕೂಗು.

“ಹೂಂ ಕಣಯ್ಯಾ, ನಾನೇ! ಚಪ್ಪಲಿ ಈಕಡೆ ಎಸಿ.”

ಕ್ರೋಲ್ ಬಾಗಿಲಲ್ಲಿ ಬಿಸ್ಕತ್ತು ಹಿಡಿದು ನಿಂತಿದ್ದ. ಒಂಟಿ ಚಪ್ಪಲಿಯಲ್ಲಿ ಅವಳು ಅವನತ್ತ ತಿರುಗಿದಳು. “ನಾನು ಆಗಲೇ ಆಡಿದ ಮಾತು ವಾಪಸ್ ತಗೊಂಡೆ. ನಿಮ್ಮ ನಿಯಮಕ್ಕೆ ಅವನ ಅಪ್ಪನ ಪಂದ್ಯ ಬೇಕು, ತಗೊಳ್ಳಿ. ಹೆಸರು ಬೇಕು ಅಂತ ನಿಯಮ ಹೇಳಲ್ಲ. ಅವನು ಪೆಂಡರ್. ಬೇಡ ಅಂದ್ರೆ ಈಗಲೇ ಹೇಳ್ಬಿಡಿ, ಪರ್ತ್‌ಗೆ ಪೆಟ್ಟಿಗೆ ನಾನೇ ಕಟ್ಟಿಕೊಡ್ತೀನಿ.” ಪೆಟ್ಟಿಗೆ ಕಟ್ಟುವ ಧೈರ್ಯ ಅವಳಿಗೆ ಇರಲಿಲ್ಲ. ಟೋಬಿಗೂ ಅದು ಗೊತ್ತಿತ್ತು, ಬಂದು ಪಕ್ಕದಲ್ಲಿ ನಿಂತ.

ಕ್ರೋಲ್ ಕೆಟ್ಟವನಲ್ಲ. ಬೇಲಿಯನ್ನೊಮ್ಮೆ, ಅವಳ ಬರಿಗಾಲನ್ನೊಮ್ಮೆ ನೋಡಿದ. “ಪೆಂಡರ್ ಅಂತಲೇ ಇರಲಿ ಬಿಡಿ,” ಅಂದ. ಕ್ಲಬ್ ಹುಡುಗನನ್ನು ತೆಗೆದುಕೊಂಡಿತು. ಟೋಬಿ ಮನೆಯಲ್ಲೇ ಉಳಿದ.

ಮೊದಲ ಪಂದ್ಯಕ್ಕೆ ಗ್ಲೆನಿಸ್ ರೈಲಿನಲ್ಲಿ ಹೋದಳು. ಟೋಬಿ ಗೋಲು ಹೊಡೆದ. ದೊಡ್ಡ ಪರದೆಯ ಮೇಲೆ ಪೆಂಡರ್ ಅಂತ ಆಳೆತ್ತರದ ಅಕ್ಷರ ಬಂತು. ಅವಳ ಮುಂದಿನ ಸಾಲಿನವನು ಪೈ ಜಗಿಯುತ್ತಾ ಪಕ್ಕದವನ ಪಕ್ಕೆ ತಿವಿದ. “ಗ್ಯಾರಿಟಿ ಮಗ ಕಣೋ ಅವನು!”

“ಪೆಂಡರ್,” ಅಂದಳು ಗ್ಲೆನಿಸ್.

“ಅದೇ, ಗ್ಯಾರಿಟಿ ಮಗ.”

ಟಿವಿಯವರೂ ಅದನ್ನೇ ಅಂದರು, ಮರುದಿನ ಪತ್ರಿಕೆಯವರೂ. ಕ್ಲಬ್ ಒಪ್ಪಿದ್ದನ್ನು ಊರು ಒಪ್ಪಲಿಲ್ಲ. ಅದಕ್ಕೆ ಯಾವ ನಿಯಮವೂ ಕಾರಣವಲ್ಲ, ನಮ್ಮ ಬಾಯಿ ಕಾರಣ. ಅವನು ಈ ಶನಿವಾರವೂ ಆಡುತ್ತಾನೆ, ನೀವೂ ನೋಡುತ್ತೀರಿ. ಹೆಸರು ಪರದೆಯ ಮೇಲೇ ಇರುತ್ತದೆ. ಓದಿ, ಅದನ್ನೇ ಕೂಗಿ. ಪಕ್ಕದವನು ಬೇರೆ ಹೆಸರು ಹೇಳಿದರೆ ಸುಮ್ಮನಿರಬೇಡಿ, ತಿದ್ದಿ.