ನಾನು ಬಾಯಿ ಮುಚ್ಚಿ ಕೂತ ಬೇಸಿಗೆ

ಇಪ್ಪತ್ತೆಂಟು ವರ್ಷ ಬಿಜೂರಿನ ಕಡೆ ಅಂಗನವಾಡಿ ಟೀಚರ್ ಆಗಿದ್ದವಳು ನಾನು. ಊರಿನ ಅರ್ಧ ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸಿದ್ದೇನೆ. ಅಂಥವಳ ಮೊಮ್ಮಗಳು ಮೂರೂವರೆ ವರ್ಷವಾದರೂ ಮಾತಾಡುವುದಿಲ್ಲ ಎಂದರೆ ಜನ ಸುಮ್ಮನಿರುತ್ತಾರೆಯೇ? "ಹಿತ್ತಲ ಗಿಡ ಮದ್ದಲ್ಲ ಅಂಬ್ರ್ ಅಲ್ದಾ ಟೀಚರೇ" ಎಂದು ಪಕ್ಕದ ಮನೆಯಾಕೆ ನಗುನಗುತ್ತಲೇ ಚುಚ್ಚಿದಳು. ಮರುದಿನ ಅವಳೇ ಬಜೆಯ ಬೇರು ತಂದು, ಜೇನಿನಲ್ಲಿ ತೇಯ್ದು ಮಗುವಿನ ನಾಲಿಗೆಗೆ ಸವರಲು ಹೇಳಿದಳು. ಒಂದು ತಿಂಗಳು ಸವರಿದೆ. ಮಗು ಮುಖ ಕಿವುಚುವುದನ್ನು ಕಲಿತಿತು, ಮಾತನ್ನಲ್ಲ.

ಮಗಳು ಕುಂದಾಪುರದಲ್ಲಿ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಾಳೆ; ವಾರವಿಡೀ ಅಲ್ಲೇ ಇದ್ದು ಶನಿವಾರ ಬರುತ್ತಾಳೆ, ಮಗು ನನ್ನ ಹತ್ತಿರವೇ. ಜೂನ್‌ನಲ್ಲಿ ಮಗುವನ್ನು ಶಾಲೆಗೆ ಸೇರಿಸಬೇಕಿತ್ತು. ಬಾಯಾರಿಕೆಯಾಯಿತು, ಹೊಟ್ಟೆನೋವು ಎಂದು ಅಲ್ಲಿ ಯಾರಿಗೆ ಹೇಗೆ ಹೇಳೀತು ಎಂಬುದೇ ಅವಳ ಚಿಂತೆ. ಕಡೆಗೆ ಮಾರ್ಚ್‌ನಲ್ಲಿ ನಮ್ಮಿಬ್ಬರನ್ನೂ ಕುಂದಾಪುರದ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದಳು. ಮಗುವಿನ ಕಿವಿ ಸರಿಯಾಗಿಯೇ ಇತ್ತು. ಮಾತಿನ ತರಬೇತಿ ಕೊಡುವ ಹುಡುಗಿ ಚಾಪೆಯ ಮೇಲೆ ಆಟಿಕೆ ಹರಡಿ, ಮೊಮ್ಮಗಳ ಜೊತೆ ಆಡಲು ನನಗೆ ಹೇಳಿದಳು.

ನನಗೆ ಆಡಿಸುವುದನ್ನು ಹೇಳಿಕೊಡಬೇಕೇ? "ಇದು ಏನು ಪುಟ್ಟಾ? ಇದು ಆನೆ. ಆನೆ ಅನ್ನು. ಆನೆಯ ಬಣ್ಣ ಯಾವುದು? ಕಪ್ಪು. ಕಪ್ಪು ಅನ್ನು" ಎಂದು ಶುರು ಮಾಡಿದೆ. ಆ ಹುಡುಗಿ ಸ್ವಲ್ಪ ಹೊತ್ತು ನೋಡಿ, "ಟೀಚರೇ, ನೀವೇ ಕೇಂತ್ರಿ, ನೀವೇ ಉತ್ರ ಕೊಡ್ತ್ರಿ. ಅವ್ಳ್ ಎಂತ ಹೇಳೂದ್ ಮತ್ತೆ?" ಎಂದಳು. ಮನೆಯಲ್ಲಿ ಮಗುವಿನೊಂದಿಗೆ ಯಾವ ಭಾಷೆ ಎಂದೂ ಕೇಳಿದಳು. ನಮ್ಮೊಳಗೆ ಏನೇ ಮಾತಾಡಿಕೊಂಡರೂ ಮಗುವಿನ ಹತ್ತಿರ ಪುಸ್ತಕದ ಕನ್ನಡವೇ ಎಂದು ಹೆಮ್ಮೆಯಿಂದಲೇ ಹೇಳಿದೆ. ಅವಳು ನಗಲಿಲ್ಲ. ಬೇಸಿಗೆ ರಜೆಯಲ್ಲಿ ಮಗುವನ್ನು ಬೇರೆ ಮಕ್ಕಳ ಜೊತೆ ಹೊರಗೆ ಬಿಡಿ, ಮನೆಮಾತಿನಲ್ಲೇ ಮಾತಾಡಿ, ಪ್ರಶ್ನೆ ಕೇಳಬೇಡಿ, ಅದು ನೋಡುತ್ತಿರುವುದರ ಬಗ್ಗೆ ಒಂದೆರಡು ಮಾತು ಹೇಳಿ ಆಮೇಲೆ ಕಾಯಿರಿ ಎಂದಳು.

ನನಗೆ ಸಿಟ್ಟು ಬಂತು. ನಿನ್ನೆ ಮೊನ್ನೆ ಕಾಲೇಜು ಮುಗಿಸಿದವಳು ನನಗೆ ಪಾಠ ಹೇಳುವುದೆಂದರೇನು! ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಮೇಲೆ ಮಾತ್ರ ಒಂದು ವಿಷಯ ನೆನಪಾಯಿತು. ಎರಡು ವರ್ಷದ ಹೊತ್ತಿಗೆ ಈ ಮಗು ಮಾತಾಡಲು ಹೊರಟಿತ್ತು. ಅಂಗಳದ ಬೆಕ್ಕನ್ನು ತೋರಿಸಿ "ಅಮ್ಮಮ್ಮ, ಕಾಣ್" ಎಂದಿತ್ತು. ನಾನು ಅದರ ಗಲ್ಲ ಹಿಡಿದು, "ಹಾಗಲ್ಲ ಪುಟ್ಟಾ, ನೋಡಿ ಅನ್ನಬೇಕು" ಎಂದಿದ್ದೆ. ಒಂದು ಸಲವಲ್ಲ, ಪ್ರತಿ ಸಲ. ಕೆಲವು ತಿಂಗಳಲ್ಲಿ ಅದು ಬರೀ ಬೆರಳು ತೋರಿಸಲು ಶುರು ಮಾಡಿತು. ಅದರಿಂದಲೇ ಹೀಗಾಯಿತು ಎಂದು ಯಾರೂ ಹೇಳಲಾರರು. ಅಲ್ಲ ಎಂದೂ ಹೇಳಲಾರರು. ಮಗಳು ಪಕ್ಕದಲ್ಲೇ ಇದ್ದಳು. ಅವಳಿಗೆ ಹೇಳದೆ ಕಿಟಕಿಯ ಕಡೆ ಮುಖ ತಿರುಗಿಸಿದೆ.

ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ ಬಂತು. ಕೊಯ್ಲು ಮುಗಿದು ಒಣಗಿದ ಗದ್ದೆಯಲ್ಲಿ ಪಕ್ಕದ ಮನೆಯ ಅಕ್ಕತಂಗಿಯರಿಬ್ಬರು ಸಂಜೆ ಲಗೋರಿ ಆಡುತ್ತಿದ್ದರು. ನಮ್ಮದನ್ನೂ ಅಲ್ಲಿಗೆ ಬಿಟ್ಟು, ನಾನು ಗೇರುಮರದ ಬುಡದಲ್ಲಿ ಕೂರುತ್ತಿದ್ದೆ. ಸುಮ್ಮನೆ ಕೂರುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡರೆ ಮಾತಾಡಲಾಗುವುದಿಲ್ಲವೆಂದು ಅದನ್ನೂ ಮಾಡಿ ನೋಡಿದೆ. ಲಗೋರಿಯ ಕಲ್ಲು ಉರುಳಿದಾಗೆಲ್ಲ "ಬಿತ್ತ್" ಎಂದಷ್ಟೇ ಹೇಳುತ್ತಿದ್ದೆ. ಹತ್ತು ಹನ್ನೆರಡು ದಿನ ಕಳೆದ ಮೇಲೆ ಮಗುವೂ "ಬಿತ್" ಎಂದಿತು. "ಬಿತ್ತು ಅನ್ನು" ಎನ್ನಲು ನನ್ನ ನಾಲಿಗೆ ತುರಿಸಿತು. ಎಲೆಯಡಿಕೆ ನುಂಗಿಕೊಂಡೆ.

ಆ ದಿನಗಳಲ್ಲಿ ನನಗೆ ಅರ್ಥವಾದದ್ದು ಇಷ್ಟು. ಮನೆಯೊಳಗೆ ಬೆರಳು ತೋರಿಸಿದರೆ ಸಾಕು, ಯಾರಾದರೂ ನೋಡಿಯೇ ನೋಡುತ್ತಾರೆ. ಗದ್ದೆಯಲ್ಲಿ ಹಾಗಲ್ಲ, ಎಲ್ಲರೂ ಬೆನ್ನು ತಿರುಗಿಸಿ ಓಡುತ್ತಿರುತ್ತಾರೆ.

ಮೇ ತಿಂಗಳ ಒಂದು ಸಂಜೆ ಆ ಇಬ್ಬರೂ ಚೆಂಡಿನ ಹಿಂದೆ ಆಚೆ ಗದ್ದೆಗೆ ಇಳಿದವರು ಅಲ್ಲೇ ಆಡತೊಡಗಿದರು. ನಮ್ಮದು ಚಿಕ್ಕದು, ಆಟಕ್ಕುಂಟು ಲೆಕ್ಕಕ್ಕಿಲ್ಲ. ಒಂದೇ ನಿಂತಿತ್ತು. ನನ್ನ ಕಡೆ ತಿರುಗಿ ಅವರತ್ತ ಬೆರಳು ತೋರಿಸಿತು. ನಾನು ಕಾಲ ಬುಡದ ಇರುವೆ ನೋಡುತ್ತ ಕೂತೆ. ಮತ್ತೆ ತೋರಿಸಿತು. ಅಳುಮುಖವಾಯಿತು. ನಾನೊಂದು ಕೂಗು ಹಾಕಿದರೆ ಹೈವೇವರೆಗೆ ಕೇಳುತ್ತದೆ. ನಾನೇನು ಅಜ್ಜಿಯೋ ರಾಕ್ಷಸಿಯೋ ಎನಿಸಿತು. ಆದರೂ ತಲೆಯೆತ್ತಲಿಲ್ಲ.

"ಹ್ವಾಯ್! ನಂಗೆ ಚೆಂಡ್!"

ದೊಡ್ಡ ಹುಡುಗಿ ತಿರುಗಿ ನೋಡಿದಳು. ಗದ್ದೆಯಂಚು ಹತ್ತಿ ಬಂದು, "ತಕೋ, ಈಗ ನಿಂದೇ" ಎಂದು ಚೆಂಡು ಕೊಟ್ಟಳು. ಅವಳಿಗೆ ಅದೊಂದು ವಿಶೇಷವೇ ಆಗಿರಲಿಲ್ಲ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಶನಿವಾರ ಸಂಜೆ ಮಗಳು ಬಂದಾಗ ಮಗು ಗೇಟಿನಲ್ಲೇ ಚೆಂಡು, ಅಕ್ಕ, ಬಿತ್ ಎಂದೆಲ್ಲ ವರದಿ ಒಪ್ಪಿಸಿತು. ಮಗಳು ಅದನ್ನು ಎತ್ತಿಕೊಂಡು ಬಹಳ ಹೊತ್ತು ಕೆಳಗಿಳಿಸಲಿಲ್ಲ. ಊಟಕ್ಕೆ ಕೂತಾಗ ನಾನು ಬಸ್ಸಿನಲ್ಲಿ ಹೇಳಲಾಗದ್ದನ್ನು ಹೇಳಿಬಿಟ್ಟೆ. "ಅವ್ಳ್ ಬಾಯಿ ಕಟ್ಟಿದ್ದ್ ನಾನೇ ಕಾಣ್. ಹೇಳಿದ್ದೆಲ್ಲ ತಿದ್ದಿ ತಿದ್ದಿ."

"ನಂಗ್ ಗೊತ್ತಿತ್ತಮ್ಮ."

"ಗೊತ್ತಿದ್ದ್ ಎಂತಕ್ಕೆ ಹೇಳ್ಲಿಲ್ಲೆ?"

ಅವಳು ಅನ್ನ ಕಲಸುತ್ತ ಕೂತಳು. ಉತ್ತರವನ್ನೂ ನಾನೇ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಮಗಳು ತಲೆಯೆತ್ತಿ, "ನೀ ಹೇಳೂಕೆ ಬಿಟ್ರಲ್ದಾ" ಎಂದಳು. "ನಂಗೂ ನೀ ಹಾಂಗೇ ಮಾಡಿದ್ದ್. ಕಡಿಗೆ ಹೇಳೂದೇ ಬ್ಯಾಡ ಅಂತ ಬಿಟ್ಟೆ."

ಆಮೇಲೆ ಒಂದೊಂದಾಗಿ ಹೇಳುತ್ತ ಹೋದಳು. ಏಳನೇ ಕ್ಲಾಸಿನ ಭಾಷಣ ಸ್ಪರ್ಧೆಯ ದಿನ ವೇದಿಕೆಯಿಂದ ಇಳಿದು ಓಡಿಬಂದದ್ದು ಜ್ವರದಿಂದಲ್ಲವಂತೆ. ನಾನು ಎದುರಿನ ಸಾಲಿನಲ್ಲೇ ಕೂತು, ಅವಳು ಹೇಳಬೇಕಾದ ಒಂದೊಂದು ಮಾತಿಗೂ ತುಟಿ ಆಡಿಸುತ್ತಿದ್ದೆನಂತೆ. ಅದನ್ನು ಕಂಡು ಅವಳಿಗೆ ತನ್ನ ಮಾತೇ ಮರೆತುಹೋಯಿತಂತೆ.